ಅಕ್ಕನ ಮಾತ್ರೆ, ತಂಗಿಯ ಮೈ

ನೆಗಡಿಯಾದರೆ ಆ ಲಾಂಡ್ರಿಯಲ್ಲಿ ರಜೆ ಸಿಗುವುದಿಲ್ಲ, ಮಾತ್ರೆ ಸಿಗುತ್ತದೆ. ಯಾರ ಮೂಗು ಸೋರಿದರೂ ಮೇಲ್ವಿಚಾರಕನ ಅದೇ ಡಬ್ಬಿ, ಅದೇ ಹಳದಿ ಮಾತ್ರೆ.

ಬೆಳಿಗ್ಗೆಯಿಂದ ಸೀನಿ ಸೀನಿ ಸುಸ್ತಾಗಿದ್ದ ತಂಗಿಯ ಅಂಗೈಗೆ ಅಕ್ಕ ಒಂದನ್ನು ಹಾಕಿದಳು. ಇಬ್ಬರದೂ ಒಂದೇ ಇಸ್ತ್ರಿ ಯಂತ್ರ. ಆಸ್ಪತ್ರೆಯ ಒದ್ದೆ ಬೆಡ್‌ಶೀಟುಗಳನ್ನು ತಂಗಿ ಕಾದ ರೋಲರಿಗೆ ಕೊಡುತ್ತಾಳೆ, ಆ ಕಡೆ ಅಕ್ಕ ಎಳೆದು ಮಡಚುತ್ತಾಳೆ.

"ನಿದ್ದೆ ಬರಲ್ವೇನೇ ಅಕ್ಕ?"

"ದಿನಾ ಎರಡೆರಡು ನುಂಗ್ತೀನಿ, ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ಬಾಯಿ ಮುಚ್ಕೊಂಡು ನುಂಗು ಗುಬ್ಬಿ."

"ಬಾಯಿ ಮುಚ್ಕೊಂಡು ಹೇಗೆ ನುಂಗ್ಲಿ?"

ನಗುತ್ತಲೇ ನುಂಗಿದಳು, ಖಾಲಿ ಹೊಟ್ಟೆಗೆ.

ಸ್ವಲ್ಪ ಹೊತ್ತಿಗೆ ಆವಿ ಮೋಡವಾಯಿತು. ಯಂತ್ರದ ಗಡಗಡ ದೂರ ಸರಿದು ಲಾಲಿಯಂತೆ ಕೇಳಿಸಿತು. ಬಿಳಿ ಬಟ್ಟೆ ಹೊಳೆಯಾಗಿ ಹರಿಯಿತು. ಅವಳ ಬೆರಳುಗಳು ಅದರ ಮೇಲೆ ಎಲೆಗಳಂತೆ ತೇಲುತ್ತ ಹೋದವು. ನೀರು ಬೆಚ್ಚಗಿತ್ತು. ಇನ್ನೂ ಬೆಚ್ಚಗಾಯಿತು. ಎಷ್ಟು ಹಿತ, ಹೀಗೇ ಹೋಗಿಬಿಡೋಣ ಅನ್ನಿಸಿತು.

"ಗುಬ್ಬೀ, ಕೈ!"

ಅಕ್ಕ ಕೆಂಪು ಗುಂಡಿ ಒತ್ತಿದಳು. ರೋಲರು ನಿಂತಿತು. ಎರಡು ಬೆರಳ ತುದಿ ಆಗಲೇ ಬೊಬ್ಬೆಯೆದ್ದಿದ್ದವು.

ಆರೋಗ್ಯ ಕೇಂದ್ರದ ನರ್ಸಮ್ಮ ಆ ಕೈಯನ್ನು ನಲ್ಲಿಯ ತಣ್ಣೀರಿಗೆ ಹಿಡಿದರು. ಅವರ ಮಾತು ಗುಬ್ಬಿಗೆ ನೀರಿನಾಳದಿಂದ ಬಂದಂತಿತ್ತು. "ಬೇರೆ ಯಾವ ಮಾತ್ರೆ ತಗೋತೀಯಮ್ಮ?"

ಬಾಗಿಲಲ್ಲಿ ಮೇಲ್ವಿಚಾರಕ ನಿಂತಿದ್ದ. ತೋಳಿನ ನರದ ನೋವಿಗೆ ಗುಬ್ಬಿ ಮೂರು ತಿಂಗಳಿಂದ ಮಾತ್ರೆ ನುಂಗುತ್ತಿದ್ದಳು. ಕೈಲಾಗದವಳೆಂದು ಕೆಲಸದಿಂದ ತೆಗೆದಾರೆಂಬ ಭಯಕ್ಕೆ ಅಕ್ಕನಿಗೂ ಹೇಳಿರಲಿಲ್ಲ.

"ನೀವು ಹೊರಗಿರಿ ಸಾರ್," ಎಂದು ನರ್ಸಮ್ಮ ಬಾಗಿಲು ಮುಚ್ಚಿದರು. ಆಗ ಗುಬ್ಬಿ ಬಾಯಿ ಬಿಟ್ಟಳು.

"ಅದೂ ನಿದ್ದೆ ತರೋದೇ, ಇದೂ ನಿದ್ದೆ ತರೋದೇ. ಎರಡೂ ಸೇರಿದ್ರೆ ಕೇಳ್ಬೇಕಾ?" ಎಂದರು ನರ್ಸಮ್ಮ.

ಅಕ್ಕ ಒಪ್ಪಲಿಲ್ಲ. "ಮಾತ್ರೆ ಒಂದೇ ತಾನೆ ಸಿಸ್ಟರ್? ನನಗೇನೂ ಆಗಲ್ವಲ್ಲ!"

"ಮಾತ್ರೆ ಒಂದೇ ಕಣಮ್ಮ, ಮೈ ಒಂದೇನಾ? ನಿನಗೆ ನುಂಗಿ ನುಂಗಿ ಅಭ್ಯಾಸ. ಇವಳಿಗೆ ಇವತ್ತೇ ಮೊದಲು, ತೂಕದಲ್ಲಿ ನಿನ್ನ ಅರ್ಧ ಇಲ್ಲ. ವಯಸ್ಸಾದವರಿಗೆ, ಕಿಡ್ನಿ ಲಿವರ್ ಸೋತವರಿಗೆ ಔಷಧಿ ಮೈಯಿಂದ ಬೇಗ ಇಳಿಯಲ್ಲ. ನೀನೂ ಬೀಗಬೇಡ. ದಿನಾ ಎರಡು ಅಂತ ಯಾರನ್ನ ಕೇಳಿ ನುಂಗ್ತಿದೀಯ?"

ಅಕ್ಕನ ಮುಖ ಇಳಿಯಿತು. ತಂಗಿಯ ಒದ್ದೆ ಕೈಯನ್ನು ಸೆರಗಿನಲ್ಲಿ ಮೆಲ್ಲಗೆ ಹಿಡಿದುಕೊಂಡು ಹೊರಗೆ ಬಂದಳು.

"ಕೈ ವಾಸಿಯಾಗೋವರೆಗೂ ಇವಳು ಬರಲ್ಲ ಸಾರ್. ಸಂಬಳ ಹಿಡಿಯೋದು, ಕೆಲಸದಿಂದ ತೆಗೆಯೋದು ಅಂತೇನಾದ್ರೂ ಅಂದ್ರೆ ಯಂತ್ರದ ಆ ಕಡೆ ನಾನೂ ಇರಲ್ಲ."

ಯಂತ್ರಕ್ಕೆ ಎರಡು ಕಡೆಯೂ ಜನ ಬೇಕು. ಮೇಲ್ವಿಚಾರಕ ಆಗಲೆಂದು ತಲೆಯಾಡಿಸಿದ.

ಓದುವವರೇ, ಕೇಳುವವರೇ, ಪಕ್ಕದವರ ಮೈಗೆ ಒಗ್ಗಿದ್ದು ನಿಮಗೆ ಒಗ್ಗಬೇಕೆಂದಿಲ್ಲ. ನುಂಗುವ ಮೊದಲು ಡಾಕ್ಟರಿಗೋ ಔಷಧಿ ಅಂಗಡಿಯವರಿಗೋ ನಿಮ್ಮ ವಯಸ್ಸು, ಕಾಯಿಲೆ, ಈಗಾಗಲೇ ನುಂಗುತ್ತಿರುವ ಮಾತ್ರೆ, ಕುಡಿತವಿದ್ದರೆ ಕುಡಿತ, ಬಸುರಿ ಬಾಣಂತಿಯಾಗಿದ್ದರೆ ಅದು, ಎಲ್ಲವನ್ನೂ ಹೇಳಿ. ಎಂಥ ಕೆಲಸ ಮಾಡುತ್ತೀರಿ ಎಂಬುದನ್ನೂ ಹೇಳಿ. ಕಾಯಿಲೆಯನ್ನು ಮುಚ್ಚಿಡುವಂತೆ ಹೆದರಿಸುವ ಕಡೆ ದುಡಿಯುತ್ತಿದ್ದೀರಾ? ನಾಚಿಕೆಪಡಬೇಕಾದವರು ನೀವಲ್ಲ. ಹತ್ತು ಜನ ಸೇರಿ ಹೋಗಿ, ರಜೆ ಕೇಳಿ.