ಆಬ್ನರ್ ಮೇಷ್ಟ್ರು ಕಣ್ಣು ಮುಚ್ಚಿದ ಭಾನುವಾರ

ಆಬ್ನರ್ ಟಾಲಿವರ್ ವಾರಕ್ಕೆ ಐದು ದಿನ ನಮಗೆ ಮೇಷ್ಟ್ರು, ಭಾನುವಾರ ಪಾದ್ರಿ, ಚಳಿಗಾಲದಲ್ಲಿ ಶಾಸಕ. ಜನವರಿಯಲ್ಲಿ ಅವರು ರಾಜಧಾನಿ ಜಾಕ್ಸನ್ನಿನ ಶಾಸನಸಭೆಗೆ ಹೊರಟರೆಂದರೆ ಶಾಲೆ ನನ್ನ ತಲೆಗೆ ಬೀಳುತ್ತಿತ್ತು. ಆಗ ನನಗೆ ಇಪ್ಪತ್ತೆರಡು. ಅಕ್ಷರ ಕಲಿಸಿದವರೂ ಅವರೇ, ಕಲಿಸುವ ಕೆಲಸಕ್ಕೆ ಹಚ್ಚಿದವರೂ ಅವರೇ.

ಅದಕ್ಕೆ ಹನ್ನೆರಡು ವರ್ಷ ಹಿಂದೆ ನಾವೆಲ್ಲ ಕರ್ನಲ್ ರಾಥ್‌ವೆಲ್ಲನ ಸೊತ್ತು. ಅವನ ಹತ್ತಿ, ಅವನ ಹೇಸರಗತ್ತೆ, ಅವನ ನಾವು. ಕರಿಯನ ಕೈಯಲ್ಲಿ ಪುಸ್ತಕ ಕಂಡರೆ ಬಾರುಕೋಲಿನೇಟು ಬೀಳುತ್ತಿದ್ದ ಕಾಲ. ಕರ್ನಲ್ಲನ ಮನೆತನದವರಿಗೆ ಗೋರಿ ತೋಡುವುದು ಆಬ್ನರ್ ಕೆಲಸವಾಗಿತ್ತು. ಆ ಗೋರಿಕಲ್ಲುಗಳ ಮೇಲಿನ ಬರಹ ನೋಡಿ ನೋಡಿಯೇ ಅವರು ಓದಲು ಕಲಿತರು. ಬಿಡುಗಡೆಯಾದ ಮೇಲೆ ನಮ್ಮ ಗಂಡಸರು ಮತ ಹಾಕಿ ಅವರನ್ನು ಎರಡು ಸಲ ಜಾಕ್ಸನ್ನಿಗೆ ಕಳಿಸಿದರು. ಎರಡನೆಯ ಸಲ ಅವರು ಪ್ರತಿ ಊರಿಗೂ ವರ್ಷಕ್ಕೆ ನಾಲ್ಕು ತಿಂಗಳ ಶಾಲೆ ಬೇಕೆಂದು ಪಟ್ಟು ಹಿಡಿದು ಕಾನೂನು ಮಾಡಿಸಿಕೊಂಡು ಬಂದರು, ಬಿಳಿಯರ ಮಕ್ಕಳಿಗೂ, ನಮ್ಮ ಮಕ್ಕಳಿಗೂ. ಅದಕ್ಕಾಗಿ ದೊಡ್ಡ ಜಮೀನುಗಳ ಮೇಲೆ ತೆರಿಗೆ ಬಿತ್ತು. ಕರ್ನಲ್ಲನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗಲೇ.

ಸಾವಿರದ ಎಂಟುನೂರ ಎಪ್ಪತ್ತೈದರ ಚುನಾವಣೆ ನವೆಂಬರಿನ ಮೊದಲ ಮಂಗಳವಾರ. ಅದಕ್ಕೆ ಎರಡು ದಿನ ಮುಂಚೆ, ಭಾನುವಾರ ಬೆಳಗ್ಗೆ, ನಾವು ಎರಡನೆಯ ಹಾಡು ಮುಗಿಸುವಷ್ಟರಲ್ಲಿ ಚರ್ಚಿನ ಹೊರಗೆ ಕುದುರೆಗಳ ಸದ್ದಾಯಿತು. ಹನ್ನೊಂದು ಜನ ಬಿಳಿಯರು ಬಂದೂಕು ಹಿಡಿದು ಒಳಗೆ ಬಂದು ಹಿಂದಿನ ಗೋಡೆಗೆ ಒರಗಿ ನಿಂತರು. ಮುಂದಾಳು ಹೈರಮ್ ಪೋಗ್, ಕರ್ನಲ್ಲನ ಹೊಲದ ಮೇಸ್ತ್ರಿ. ಬಡವ, ಬಲು ಮುಂಗೋಪಿ. ನೇರವಾಗಿ ನಡುದಾರಿಯಲ್ಲಿ ನಡೆದು ಹೋಗಿ ಒಂದು ಕಾಗದವನ್ನು ಬೈಬಲ್ಲಿನ ಮೇಲಿಟ್ಟ.

"ಏಯ್ ಆಬ್ನರ್, ಓದ್ಕೋ. ಓದಿ ಕೆಳಗೆ ರುಜು ಹಾಕು."

ಆಬ್ನರ್ ಕನ್ನಡಕ ಏರಿಸಿ ಗಟ್ಟಿಯಾಗಿಯೇ ಓದಿದರು. 'ನಾನು ಸ್ವಂತ ಇಷ್ಟದಿಂದ ಚುನಾವಣೆಯಿಂದ ಹಿಂದೆ ಸರಿದಿದ್ದೇನೆ. ನನ್ನ ಜನ ಮಂಗಳವಾರ ಮನೆಯಲ್ಲೇ ಇರಬೇಕೆಂದು ಬುದ್ಧಿ ಹೇಳುತ್ತೇನೆ.'

"ಇದು ಯಾರ ಇಷ್ಟ, ಪೋಗ್ ಅವರೇ?"

"ತಲೆಹರಟೆ ಬೇಡ. ಮೂರು ಗಂಟೆ ಉಗಿದೋಣಿಗೆ ಕಾಗದ ಹೋಗ್ಬೇಕು, ನಾಳೆ ಪೇಪರಲ್ಲಿ ಬರ್ಬೇಕು. ರುಜು ಹಾಕಿದ್ರೆ ಎಲ್ರೂ ಮನೆಗೆ ಹೋಗಿ ಊಟ ಮಾಡ್ಬೋದು. ಇಲ್ದಿದ್ರೆ ಇಲ್ಲಿರೋರಲ್ಲಿ ಯಾರ್ ಊಟ ಮಾಡ್ತಾರೋ ನಂಗೊತ್ತಿಲ್ಲ."

ಮುಂದಿನ ಬೆಂಚಿನಲ್ಲಿ ಆಬ್ನರ್ ಅವರ ಹೆಂಡತಿ ಕೆಸಾಯ ಕೂತಿದ್ದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಅದು ಅಲುಗಲಿಲ್ಲ. ನನ್ನ ತೊಡೆಯ ಮೇಲೆ ತಂಗಿಯ ಮಗು ಮಲಗಿತ್ತು. ಅದು ಎದ್ದು ಅತ್ತರೆ ಯಾರಾದರೂ ಬೆಚ್ಚಿ ಬಂದೂಕಿನ ಕುದುರೆ ಎಳೆದಾರೆಂದು ನಾನು ಅದರ ಬಾಯಿಗೆ ನನ್ನ ಬೆರಳು ಕೊಟ್ಟೆ.

"ಇಂಥ ಕೆಲಸಕ್ಕೆ ಮುಂಚೆ ಪ್ರಾರ್ಥನೆ ಮಾಡ್ಬೇಕು," ಎಂದರು ಆಬ್ನರ್. "ಪ್ರಾರ್ಥನೆ ಮುಗಿದ್ಮೇಲೆ ನನ್ನ ಉತ್ತರ ಹೇಳ್ತೀನಿ. ನೀವೂ ದೀಕ್ಷಾಸ್ನಾನ ತಗೊಂಡವರು. ಬೇಡ ಅಂತೀರಾ?"

ಪೋಗ್ ಹಿಂದಿನವರ ಮುಖ ನೋಡಿದ. ಒಬ್ಬ ಮುದುಕ ಆಗಲೇ ಟೋಪಿ ತೆಗೆದಿದ್ದ. "ಬೇಗ ಮುಗಿಸು," ಎಂದು ಪೋಗ್ ಕೂಡ ಟೋಪಿ ತೆಗೆದು ಹಿಂದಿನ ಗೋಡೆಗೆ ಹೋಗಿ ನಿಂತ. ಆಗ ಸುಮಾರು ಹನ್ನೊಂದೂವರೆ.

ಆಬ್ನರ್ ಕಣ್ಣು ಮುಚ್ಚಿದರು. ಮೊದಲು ಮಳೆಗೆ, ಬೆಳೆಗೆ ವಂದನೆ ಹೇಳಿದರು. ಆಮೇಲೆ ಸಭೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ದೇವರಿಗೆ ಒಪ್ಪಿಸತೊಡಗಿದರು. ಆಮೇಲೆ ಅವರ ಅಪ್ಪ ಅವ್ವಂದಿರು. ಯಾರು ಜಾರ್ಜಿಯಾದಲ್ಲಿ ಮಾರಾಟವಾದರು, ಯಾರು ಯಾವ ನದಿ ದಾಟುವಾಗ ಸತ್ತರು, ಒಂದೂ ಬಿಡಲಿಲ್ಲ. ಒಂದು ಗಂಟೆ ಕಳೆಯಿತು. ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. ಅವರ ಉದ್ದೇಶ ನಮಗೆ ನಿಧಾನಕ್ಕೆ ಹೊಳೆಯಿತು. ಎಲ್ಲರಿಗಿಂತ ಮೊದಲು ಹೊಳೆದದ್ದು ವೈನಿ ಅಜ್ಜಿಗೆ. ಪಾದ್ರಿಗಳು ಒಂದು ಸಲ ಉಸಿರಿಗೆ ನಿಂತದ್ದೇ ತಡ, ಅಜ್ಜಿ ಕೂಗಿದಳು:

"ನಮ್ಮ ಚಿಕ್ಕಪ್ಪನ್ನ ಮರೆತ್ರಲ್ಲ, ಪಾದ್ರಪ್ಪ!"

"ಹೌದು ಸ್ವಾಮಿ, ವೈನಿಯ ಚಿಕ್ಕಪ್ಪ ಕ್ವಾಶ್..."

"ಅವನ ಏಳು ಮಕ್ಕಳನ್ನೂ!"

"ಅಜ್ಜಿ, ಹೆಸರು ಹೇಳವ್ವ."

ಅಜ್ಜಿ ಒಂದೊಂದಾಗಿ, ಎಳೆದೆಳೆದು ಹೇಳಿದಳು. ಆಮೇಲೆ ಮೂಲೆ ಮೂಲೆಯಿಂದ ಹೆಸರುಗಳು ಬಂದವು. ಜ್ವರದ ಮಕ್ಕಳು, ಕುಂಟುವ ಹೇಸರಗತ್ತೆ, ಮೊಟ್ಟೆ ಇಡದ ಕೋಳಿ. ಬೆನ್ನ ಹಿಂದೆ ಬಂದೂಕುಗಳಿದ್ದರೂ ನನಗೆ ನಗು ತಡೆಯಲಾಗಲಿಲ್ಲ. ಮಗುವಿನ ಟೊಪ್ಪಿಗೆಯಲ್ಲಿ ಮುಖ ಹುದುಗಿಸಿದೆ.

ಹಿಂದೆ ನಿಂತವರು ಕಾಲು ಬದಲಾಯಿಸುತ್ತಿದ್ದರು. ಎರಡು ಗಂಟೆ ದಾಟಿರಬೇಕು, ಕೆಂಪು ಗಡ್ಡದ ಯುವಕನೊಬ್ಬ ತಾಳ್ಮೆಗೆಟ್ಟ.

"ಈ ಮುದಿಯ ನಮ್ಮನ್ನ ಕುರಿ ಮಾಡ್ತಾ ಇದಾನೆ!" ಅವನು ಬಂದೂಕಿನ ಕುದುರೆ ಎಳೆದ ಸದ್ದು ಇಡೀ ಚರ್ಚಿಗೆ ಕೇಳಿಸಿತು. ಹೆಸರು ಹೇಳುತ್ತಿದ್ದವರ ಬಾಯಿ ಕಟ್ಟಿತು. ಆಬ್ನರ್ ಕಣ್ಣು ತೆರೆಯಲಿಲ್ಲ. ಅವರ ಕೋಟಿನ ಕಂಕುಳು ಬೆವರಿನಿಂದ ತೊಯ್ದಿತ್ತು.

"ಸ್ವಾಮಿ," ಎಂದರು, "ಲೂಸಿಂಡಾ ಅನ್ನೋ ತಾಯಿನ ನಿನ್ನ ಹತ್ರ ಇಟ್ಕೋ. ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ತೀರಿಕೊಂಡಳು. ಮಣ್ಣು ಹಾಕೋಕೆ ಮಗನಿಗೆ ಹೋಗೋದಾಗಲಿಲ್ಲ. ಕೊನೇವರೆಗೂ ಅವನ ಹೆಸರೇ ಕರೀತಿದ್ದಳಂತೆ. ಆ ಮಗನ ಮನಸ್ಸಿಗೆ ಸಮಾಧಾನ ಕೊಡು."

ಆ ಹೆಸರಿನವರು ನಮ್ಮಲ್ಲಿ ಯಾರೂ ಇರಲಿಲ್ಲ. ತಿರುಗಿ ನೋಡಿದೆ. ಪೋಗ್‌ನ ಮುಖ ಸುಣ್ಣ ಬಳಿದಂತೆ ಬಿಳುಚಿತ್ತು. ಕೆಂಪು ಗಡ್ಡದವನ ಬಂದೂಕಿನ ನಳಿಗೆ ಹಿಡಿದು ನೆಲಕ್ಕೆ ತಿರುಗಿಸಿದ.

"ಪ್ರಾರ್ಥನೆ ನಡೀತಿದೆ ಕಣೋ," ಎಂದ. "ಮುಗೀಲಿ."

ಕಾರಣ ನನಗೆ ತಿಳಿದದ್ದು ಆ ಸಂಜೆ, ಕೆಸಾಯರಿಂದ. ಪೋಗ್‌ಗೆ ಓದಲು ಬರುತ್ತಿರಲಿಲ್ಲ. ಅವ್ವ ತೀರಿಕೊಂಡಳೆಂದು ಅವನ ತಮ್ಮ ಬರೆದ ಕಾಗದ ಬಂದಾಗ, ಕರ್ನಲ್ಲನೆದುರು ನಾಚಿಕೆಯಾಗಿ, ಶಾಲೆಯ ಹಿಂಬಾಗಿಲಿಗೆ ಬಂದು ಮೇಷ್ಟ್ರ ಕೈಲಿ ಓದಿಸಿಕೊಂಡಿದ್ದ. ಯಾರಿಗೂ ಹೇಳಬಾರದೆಂದು ಕೇಳಿಕೊಂಡಿದ್ದ. ಮೇಷ್ಟ್ರು ಹೇಳಿರಲಿಲ್ಲ. ಆವತ್ತೂ ಮಗನ ಹೆಸರನ್ನು ನಾಲಿಗೆಗೆ ತರಲಿಲ್ಲ.

ನದಿಯ ಕಡೆಯಿಂದ ದೋಣಿಯ ಸಿಳ್ಳೆ ಕೇಳಿದಾಗಲೂ ಆಬ್ನರ್ ಪ್ರಾರ್ಥಿಸುತ್ತಲೇ ಇದ್ದರು. ಎರಡನೆಯ ಸಿಳ್ಳೆ ದೂರದಿಂದ ಬಂತು, ದೋಣಿ ಹೊರಟುಹೋಗಿತ್ತು. ಆಗ "ಆಮೆನ್" ಎಂದು ಕಣ್ಣು ಬಿಟ್ಟು, ಕಾಗದ ಮಡಚಿ ಪೋಗ್‌ನ ಕಡೆಗೆ ಚಾಚಿದರು.

"ನಾನು ರುಜು ಹಾಕಲ್ಲ. ಇದೇ ನನ್ನ ಉತ್ತರ."

ಪೋಗ್ ಮುಂದೆ ಬಂದು ಕಾಗದ ತೆಗೆದುಕೊಂಡು ಜೇಬಿಗೆ ತುರುಕಿದ.

"ಮಂಗಳವಾರಕ್ಕೆ ಮುಂಚೆ ಊರು ಬಿಡು ಆಬ್ನರ್. ಮುಂದಿನ ಸಲ ನನ್ನ ಕಳಿಸಲ್ಲ ಅವರು."

ಕುದುರೆಗಳ ಸದ್ದು ಅಡಗಿದ ಮೇಲೆ ಆಬ್ನರ್ ನಿಂತಲ್ಲೇ ಕುಸಿದು ಕೂತರು. ಕೆಸಾಯ ನೀರು ಕುಡಿಸುತ್ತಾ ಬೈದರು. "ಮೂರೂವರೆ ಗಂಟೆ! ಮನೇಲಿ ಎರಡು ಮಾತಾಡೋಕೆ ಬಾಯಿ ನೋಯುತ್ತೆ ಅಂತೀರ."

ಆಬ್ನರ್ ಊರು ಬಿಡಲಿಲ್ಲ. ಮಂಗಳವಾರ ಒಂಬತ್ತು ಮೈಲಿ ನಡೆದು ನಾವು ಹೆಂಗಸರು ಜೊತೆಗೆ ಹೋದೆವು, ಗಂಡಸರು ಮತ ಹಾಕಿದರು. ಮತ ಹಾಕಿದವರು ಮುನ್ನೂರಕ್ಕೂ ಮೇಲೆ. ಎಣಿಸಿದಾಗ ಆಬ್ನರ್‌ಗೆ ಹದಿನಾಲ್ಕೇ ಮತ ಎಂದು ಸಾರಿದರು. ಕ್ರಿಸ್‌ಮಸ್ಸಿಗೆ ಮುಂಚೆ, ಶಾಲೆಯೂ ನಡೆಯುತ್ತಿದ್ದ ಆ ಚರ್ಚು ಸುಟ್ಟುಹೋಯಿತು, ಅದರೊಡನೆ ಬೆಂಚು, ಹಲಗೆ, ಪುಸ್ತಕ. ಹೊಸ ಶಾಸನಸಭೆ ನಮ್ಮ ಶಾಲೆಯ ದುಡ್ಡನ್ನೂ ನಿಲ್ಲಿಸಿತು.

ಜನವರಿ ಬಂತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆಬ್ನರ್ ಜಾಕ್ಸನ್ನಿಗೆ ಹೊರಡಲಿಲ್ಲ. ಒಂದು ಬೆಳಗ್ಗೆ ಹೋಗಿ ನೋಡಿದರೆ, ಸುಟ್ಟ ಜಾಗದ ಪಕ್ಕದಲ್ಲಿ ನಾಲ್ಕು ಕಂಬ ನೆಟ್ಟು, ಮೇಲೇರಿ ಕೂತು ಪೈನ್ ಸೊಪ್ಪು ಹೊದಿಸುತ್ತಿದ್ದರು. ಕೋಟು ಬೇಲಿಯ ಮೇಲಿತ್ತು.

"ಸೇಬ್ರಾ, ಅಲ್ಲೇನು ನಿಂತಿದ್ದೀಯ? ಸೊಪ್ಪು ಎತ್ತಿಕೊಡು."

"ಪುಸ್ತಕ ಒಂದೂ ಇಲ್ವಲ್ಲ ಮೇಷ್ಟ್ರೇ, ಏನು ಓದಿಸೋದು?"

"ಇವತ್ತು ಲೆಕ್ಕ ಹೇಳಿಕೊಡು. ಅದಕ್ಕೆ ಕಡ್ಡಿ ಸಾಕು."

ನಾನು ಸೊಪ್ಪಿನ ಹೊರೆ ಎತ್ತಿಕೊಟ್ಟೆ. ಒಂಬತ್ತು ಗಂಟೆಗೆ ಮಕ್ಕಳು ಬಂದರು, ಇಪ್ಪತ್ತಾರು ಜನ.