ಮೇಷ್ಟ್ರ ತೆರೆದ ಬ್ಯಾಗು

ನನ್ನ ತಂಗಿಯ ಮಗಳು ಮನುಷ್ಯರ ಮುಖಕ್ಕಿಂತ ಮೊದಲು ಅವರ ಜಿಪ್ ನೋಡುತ್ತಿದ್ದಳು. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಅಷ್ಟು ನಗು ಬರುವುದಿಲ್ಲ. ಜಾಕೆಟ್ಟು, ಬ್ಯಾಗು, ಪರ್ಸು, ದಿಂಬಿನ ಗವಸು, ಬೂಟು, ಎಲ್ಲಿ ಜಿಪ್ ಇದೆಯೋ ಅಲ್ಲಿ ಅವಳ ಕಣ್ಣು. ನನ್ನ ರಿಪೇರಿ ಅಂಗಡಿಗೆ ಬರುವವರು ಅವಳಿಗೆ ಜಿಪ್ಪಮ್ಮ ಎಂದು ಹೆಸರಿಟ್ಟರು. ಆ ಹೆಸರು ಅವಳಿಗೆ ಎಷ್ಟು ಹಿಡಿಸಿತೆಂದರೆ, ಶಿಶುವಿಹಾರದಲ್ಲಿ ಸ್ವಂತ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನುವ ಹಾಗೆ ಕೂತಿರುತ್ತಿದ್ದಳು.

ನನ್ನದು ಹರಿದ ಬ್ಯಾಗು, ಕೆಟ್ಟ ಜಿಪ್, ಬಿಟ್ಟುಹೋದ ಹೊಲಿಗೆ ಸರಿಮಾಡುವ ಕಸುಬು. ಅಂಗಡಿಯ ಎದುರಿಗೇ ತಂಗಿಯ ಮನೆ. ತಂಗಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಅವಳ ಗಂಡ ಗಣಿತದ ಮೇಷ್ಟ್ರು. ಬೀದಿಯವರೆಲ್ಲ ಹಾಗೇ ಕರೆಯುವುದರಿಂದ ನಾನೂ ಮೇಷ್ಟ್ರೇ ಅನ್ನುತ್ತೇನೆ. ಅವರಿಬ್ಬರೂ ಕೆಲಸದಿಂದ ಬರುವತನಕ ಮಗು ನನ್ನ ಹತ್ತಿರ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲು ಅವಳ ಸಿಂಹಾಸನ.

ಐದು ವರ್ಷ ತುಂಬುವತನಕ ಅವಳ ಬಾಯಿಂದ ಬಿಡಿಬಿಡಿ ಪದ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಮೊದಲ ಪೂರ್ತಿ ಮಾತು ಬಂದದ್ದು ನನ್ನ ಅಂಗಡಿಯಲ್ಲೇ. ಯಾರದೋ ಸೂಟ್‌ಕೇಸಿನ ಕಡೆ ಬೆರಳು ಮಾಡಿ, "ಈ ರನ್ನರ್ ಬಾಯಿ ಬಿಟ್ಟಿದೆ" ಅಂದಳು. ರನ್ನರ್ ಅಂದರೆ ಜಿಪ್ಪಿನ ಮೇಲೆ ಹಿಂದೆ ಮುಂದೆ ಓಡುತ್ತದಲ್ಲ, ಆ ತುಂಡು. ನಾನು ಕೈಯಲ್ಲಿದ್ದ ಇಕ್ಕಳ ಕೆಳಗೆ ಹಾಕಿ ತಂಗಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವಳು ಆ ಕಡೆ ಗಿರಾಕಿಗಳ ಮುಂದೆಯೇ ಅತ್ತಳು. ಆಮೇಲೆ ಮಾತಿನ ಹಿಂದೆ ಮಾತು ಬಂತು, ಎಲ್ಲವೂ ಜಿಪ್ಪಿನ ದಾರಿಯಲ್ಲೇ. ಬಣ್ಣಗಳ ಹೆಸರು ಕಲಿತದ್ದು ಜಿಪ್ಪಿನಿಂದ, ಎಣಿಸಲು ಕಲಿತದ್ದು ಜಿಪ್ಪಿನ ಹಲ್ಲಿನಿಂದ. ಗಿರಾಕಿಗಳಿಗೆ ಪಾಠ ಬೇರೆ. ಜಿಪ್ಪಿಗೆ ಬಟ್ಟೆ ಸಿಕ್ಕಿಕೊಂಡರೆ ಮುಂದಕ್ಕೆ ಎಳೆಯಬಾರದು, ಹಿಂದಕ್ಕೆ ತರಬೇಕು ಎಂದು ದೊಡ್ಡ ದೊಡ್ಡ ಮೀಸೆಯವರಿಗೂ ಹೇಳುತ್ತಿದ್ದಳು. ಅದನ್ನು ಅವಳಿಗೆ ಹೇಳಿಕೊಟ್ಟವಳು ನಾನೇ. ಆದರೂ ನಾನು ಹೇಳಿದರೆ ಕೇಳದ ಜನ ಅವಳು ಹೇಳಿದರೆ ತಲೆಯಾಡಿಸುತ್ತಿದ್ದರು.

ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದು ಮಕ್ಕಳ ಡಾಕ್ಟರಮ್ಮ ಹೇಳಿದ್ದರು. ಇಂಥ ಎಷ್ಟೋ ಮಕ್ಕಳು ಒಂದೇ ವಸ್ತುವಿನ ಮೇಲೆ ಜೀವ ಇಟ್ಟುಕೊಂಡಿರುತ್ತಾರೆ, ಅವಳು ನಿಮ್ಮ ಹತ್ತಿರ ಬರುವ ಬಾಗಿಲೇ ಅದು, ಅದಕ್ಕೆ ಬೀಗ ಹಾಕಬೇಡಿ ಅಂದಿದ್ದರು. ತಂಗಿ ಎರಡೂ ಕಿವಿಯಲ್ಲಿ ಕೇಳಿಕೊಂಡಳು. ಮೇಷ್ಟ್ರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು.

ಹಾಗಂತ ಮೇಷ್ಟ್ರು ಕಲ್ಲುಮನಸ್ಸಿನವರಲ್ಲ. ಮಗಳೆಂದರೆ ಪ್ರಾಣ. ಬೆಳಿಗ್ಗೆ ಅವರು ಶಾಲೆಗೆ ಹೊರಟರೆ ಅವಳು ಬಾಗಿಲಿಗೆ ಬಂದು ಅವರ ಕಂದು ಬ್ಯಾಗಿನ ಜಿಪ್ಪನ್ನು ಈ ತುದಿಯಿಂದ ಆ ತುದಿಗೆ ತೆರೆದು, ಮತ್ತೆ ಸರ್ರನೆ ಮುಚ್ಚಿ, "ಮುಚ್ಚಿದೆ, ಈಗ ಹೋಗು" ಅನ್ನುತ್ತಿದ್ದಳು. ಅಪ್ಪಿಕೊಳ್ಳುವುದು, ಮುತ್ತು ಕೊಡುವುದು ಅವಳಿಗೆ ಆಗದು. ಅಪ್ಪನಿಗೆ ಅವಳು ಕೊಡುತ್ತಿದ್ದದ್ದು ಇದೊಂದೇ. ಮೇಷ್ಟ್ರು ಹೊತ್ತಾಯಿತು ಹೊತ್ತಾಯಿತು ಎಂದು ಗೊಣಗುತ್ತ ನಿಂತಿರುತ್ತಿದ್ದರು.

ಎಲ್ಲ ಕೆಟ್ಟದ್ದು ಹೆಡ್‌ಮಾಸ್ಟರು ಮನೆಗೆ ಬಂದ ಭಾನುವಾರ. ಮುಂದಿನ ವರ್ಷ ಮಗುವನ್ನು ಮೇಷ್ಟ್ರ ಶಾಲೆಗೇ ಸೇರಿಸುವ ಮಾತು ಆಡುವುದಿತ್ತು. ಆ ದೊಡ್ಡ ಮನುಷ್ಯರು ಸೋಫಾದಲ್ಲಿ ಕೂತದ್ದೇ ತಡ, ನಮ್ಮ ಜಿಪ್ಪಮ್ಮ ಒಳಗಿನಿಂದ ಬಂದು ಅವರ ಪ್ಯಾಂಟಿನತ್ತ ಬೆರಳು ಮಾಡಿ, "ಇದು ಅರ್ಧ ತೆರೆದಿದೆ, ಹಿತ್ತಾಳೆ ಹಲ್ಲು" ಎಂದು ಮನೆಗೆಲ್ಲ ಕೇಳುವಂತೆ ಸಾರಿದಳು. ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ಹೆಡ್‌ಮಾಸ್ಟರು ಒಳ್ಳೆಯವರು. ಆ ಕಡೆ ತಿರುಗಿ ಸರಿಮಾಡಿಕೊಂಡು, ಬಸ್ಸಿನಲ್ಲಿ ಬರುವಾಗ ಒಬ್ಬರೂ ಹೇಳಲಿಲ್ಲ ನೋಡಮ್ಮ ಎಂದು ಅವರೂ ನಕ್ಕರು. ನಗದೆ ಉಳಿದವರು ಮೇಷ್ಟ್ರೊಬ್ಬರೇ. ಅವರ ಕಿವಿಗಳು ಕೆಂಪಗಾಗಿದ್ದವು.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಮಾರನೆಯ ದಿನವೇ ಮೇಷ್ಟ್ರು ಮನೆಯ ಜಿಪ್ಪುಗಳನ್ನೆಲ್ಲ ಒಟ್ಟುಮಾಡಿದರು. ನಾನು ಕೊಟ್ಟ ಚೂರುಪಾರು, ಹಳೆಯ ಪರ್ಸುಗಳು, ಅವಳ ದಿಂಬಿನ ಗವಸು ಕೂಡ ಒಂದು ತಗಡಿನ ಡಬ್ಬಿಗೆ ಹೋದವು, ಡಬ್ಬಿ ಬೀರುವಿಗೆ ಹೋಯಿತು. ತರಗತಿಯಲ್ಲಿ ಸರಿ ಉತ್ತರಕ್ಕೆ ನಕ್ಷತ್ರ ಅಂಟಿಸಿ ಅಂಟಿಸಿ ರೂಢಿಯಾದ ಕೈ ಅದು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೆ ಒಂದು ಜಿಪ್ ಸಿಗುತ್ತದೆ. ಬಂದವರಿಗೆ ನಮಸ್ಕಾರ ಹೇಳಿ ಕ್ಷೇಮ ವಿಚಾರಿಸಿದರೆ ಇನ್ನೊಂದು. ಅವಳಿಗೆ ವಾಕರಿಕೆ ತರುವ ಬೀನ್ಸ್ ತಿಂದರೆ ಮತ್ತೊಂದು. ಸ್ವಲ್ಪ ಹೊತ್ತು ಆಡಿ ವಾಪಸು ಕೊಡಬೇಕು. ಬಾಗಿಲ ಬಳಿ ಬ್ಯಾಗು ಮುಚ್ಚುವುದೂ ಇದೇ ಲೆಕ್ಕಕ್ಕೆ ಸೇರಿತು. ಅಚ್ಚುಕಟ್ಟಾಗಿ ತಯಾರಾದ ದಿನ ಮಾತ್ರ ಬ್ಯಾಗು ಮುಟ್ಟಬಹುದು.

ಅದು ನಡೆಯಿತು, ಅದೇ ದುರಂತ. ಹುಡುಗಿ ಎಲ್ಲ ಮಾಡಿದಳು. ಬೀನ್ಸ್ ನುಂಗಿದಳು. ಪಕ್ಕದ ಮನೆಯವರ ಮುಖಕ್ಕೆ ಕಣ್ಣು ನೆಟ್ಟು ನಮಸ್ಕಾರ ಒಪ್ಪಿಸಿದಳು. ಎಲ್ಲರೂ ಶಭಾಷ್ ಅಂದರು. ತಂಗಿಗೂ ಮೊದಮೊದಲು ಹಿಗ್ಗೇ. ಒಂದು ದಿನ ಮೇಷ್ಟ್ರು ಬಹುಮಾನದ ಜಿಪ್ ಹಿಡಿದುಕೊಂಡು ಹೋದರೆ, ಬೇಡ ಅಂದಳಂತೆ. ಮೇಷ್ಟ್ರು ನನ್ನ ಅಂಗಡಿಗೆ ಓಡಿಬಂದು ಹುಚ್ಚು ಬಿಟ್ಟಿತು ಅತ್ತಿಗೆ, ನಾನು ಹೇಳಲಿಲ್ಲವೇ ಎಂದು ಸಂಭ್ರಮಪಟ್ಟರು. ನನಗೆ ಆ ಸಂಭ್ರಮ ಹಿಡಿಸಲಿಲ್ಲ. ಏಕೆಂದರೆ ಡಬ್ಬಿ ಬೀರು ಸೇರಿದಾಗಿನಿಂದ ಅವಳು ಮಾತನ್ನೂ ಬಿಡುತ್ತ ಬಂದಿದ್ದಳು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಕೇಳಿದರೆ ಹೂಂ, ಉಹೂಂ, ಅಷ್ಟೇ. ಐದು ವರ್ಷ ನಾವು ಕಾದು ಕೂತಿದ್ದ ಮಾತು ಕಣ್ಣೆದುರೇ ಬತ್ತುತ್ತಿತ್ತು, ಮತ್ತು ಅಪ್ಪ ಅದನ್ನು ಗೆಲುವು ಅಂದುಕೊಂಡಿದ್ದರು.

ಆ ಸಂಜೆ ನನ್ನ ಅಂಗಡಿಗೆ ಹೊಸ ಜಿಪ್ಪಿನ ಸುರುಳಿ ಬಂದಿತ್ತು, ಕಡುನೀಲಿ. ಮೊದಲಾಗಿದ್ದರೆ ಕಾಗದ ಬಿಚ್ಚುವ ಮೊದಲೇ ಅದರ ವಾಸನೆ ನೋಡಲು ಮೂಗು ತರುತ್ತಿದ್ದಳು. ನಾನು ಉದ್ದಕ್ಕೊಂದು ತುಂಡು ಕತ್ತರಿಸಿ, ರನ್ನರ್ ಪೋಣಿಸಿ, ಅವಳ ಮಡಿಲಲ್ಲಿಟ್ಟೆ. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

"ಏನ್ ಮಾಡ್ಬೇಕು?" ಅಂದಳು.

"ಏನೂ ಮಾಡ್ಬೇಡ ಕಂದಾ. ನಿಂಗೇ ಅದು."

"ಏನ್ ಮಾಡಿದ್ರೆ ಕೊಡ್ತೀಯಾ ದೊಡ್ಡಮ್ಮಾ?"

"ಸುಮ್ನೆ ಕೊಡ್ತೀನಿ."

"ಹಾಗಾದ್ರೆ ಬೇಡ" ಅಂದಳು. ಸುಮ್ಮನೆ ಕೊಡುವ ಜಿಪ್ ಒಂದು ಲೋಕದಲ್ಲಿದೆ ಅನ್ನುವುದನ್ನೇ ಅವಳು ನಂಬಲಿಲ್ಲ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅಂಗಡಿಯ ಬಾಗಿಲು ಎಳೆದುಕೊಂಡು, ಮಗುವಿನ ಕೈ ಹಿಡಿದು ನೇರ ಎದುರು ಮನೆಗೆ ನಡೆದೆ. ಗಂಡ ಹೆಂಡತಿ ಊಟಕ್ಕೆ ತಟ್ಟೆ ಹಾಕುತ್ತಿದ್ದರು. ಮಗುವನ್ನು ಒಳಕೋಣೆಗೆ ಕಳಿಸಿ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೆತ್ತವರ ಪ್ರೀತಿಯನ್ನು ಕೂಲಿ ಮಾಡಿ ಗಳಿಸಬೇಕು ಅಂದಿದ್ದರೆ ನಿಮಗೆ ಹೇಗಿರುತ್ತಿತ್ತು, ನಿಮ್ಮ ಅಮ್ಮ ಲೆಕ್ಕ ಬಿಡಿಸಿದರೆ ಮಾತ್ರ ಮಡಿಲಿಗೆ ಕರೆದುಕೊಳ್ಳುತ್ತಿದ್ದರೇ ಎಂದು ಕೇಳಿದೆ. ತಂಗಿ ಸೆರಗು ಬಾಯಿಗೊತ್ತಿಕೊಂಡಳು. ಅವಳಿಗೂ ಅದೇ ಸಂಕಟವಿತ್ತು, ಹೇಳುವ ಧೈರ್ಯ ಇರಲಿಲ್ಲ. ಮೇಷ್ಟ್ರು ಮಾತ್ರ ಮಗಳು ಚೆನ್ನಾಗೇ ಇದ್ದಾಳೆ, ನೀವು ಸುಮ್ಮನೆ ಹೆದರುತ್ತೀರಿ, ಬೇಕಾದರೆ ನೋಡಿ ಎಂದು ಬೀರು ತೆಗೆದು ಡಬ್ಬಿ ತಂದರು. ಮಗಳನ್ನು ಕರೆದು, ಅವಳ ಮುಂದೆ ಡಬ್ಬಿಯ ಮುಚ್ಚಳ ತೆಗೆದು ನೆಲದ ಮೇಲಿಟ್ಟು, ಎಲ್ಲ ನಿನ್ನದೇ, ಆಡಿಕೋ ಅಂದರು.

ಹುಡುಗಿ ಡಬ್ಬಿಯನ್ನು ನೋಡಲಿಲ್ಲ. ನೆಟ್ಟಗೆ ನಿಂತಳು. ಅಪ್ಪನ ಕಣ್ಣಲ್ಲಿ ಕಣ್ಣು ನೆಟ್ಟಳು, ರೆಪ್ಪೆ ಕೂಡ ಬಡಿಯಲಿಲ್ಲ. "ನಮಸ್ಕಾರ. ಚೆನ್ನಾಗಿದೀರಾ. ಮನೇಲಿ ಎಲ್ಲ ಚೆನ್ನಾಗಿದಾರಾ" ಎಂದು ಸ್ವಂತ ಅಪ್ಪನಿಗೆ ಒಪ್ಪಿಸಿದಳು. ಆಮೇಲೆ ಮೇಜಿನ ಹತ್ತಿರ ಹೋಗಿ ಬೀನ್ಸ್ ತೆಗೆದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ ಕಣ್ಣಲ್ಲಿ ನೀರು ಬಂತು, ಆದರೂ ನುಂಗಿದಳು. ವಾಪಸು ಬಂದು ಅದೇ ಜಾಗದಲ್ಲಿ ನಿಂತಳು.

"ಆಯ್ತು. ಇನ್ನೇನ್ ಬಾಕಿ ಇದೆ?" ಅಂದಳು.

ಮೇಷ್ಟ್ರು ನಿಂತಲ್ಲೇ ನೆಲಕ್ಕೆ ಕೂತರು. ಏನೂ ಬಾಕಿ ಇಲ್ಲ ಪುಟ್ಟಿ, ಏನೂ ಬಾಕಿ ಇಲ್ಲ ಎಂದು ಅಷ್ಟನ್ನೇ ಹೇಳುತ್ತಿದ್ದರು. ಅವಳು ಹಾಗಾದರೆ ಮಲಗುತ್ತೇನೆ ಎಂದು ಹೋಗಿಬಿಟ್ಟಳು. ತಂಗಿ ಅವಳ ಹಿಂದೆ ಹೋದಳು. ಮೇಷ್ಟ್ರು ಡಬ್ಬಿಯ ಮುಂದೆ ತಲೆ ತಗ್ಗಿಸಿಕೊಂಡು ಕೂತೇ ಇದ್ದರು. ಬೈಯಲು ಬಂದವಳಿಗೆ ಅವರನ್ನು ನೋಡಿ ಬೈಗುಳ ಮರೆತುಹೋಯಿತು.

"ಈಗ ಏನ್ ಮಾಡ್ಲಿ ಅತ್ತಿಗೆ?"

"ಸಿಕ್ಕಿಕೊಂಡ ಜಿಪ್ಪಿಗೆ ಏನ್ ಮಾಡ್ಬೇಕು ಅಂತ ನಿಮ್ಮ ಮಗಳೇ ಊರಿಗೆಲ್ಲ ಹೇಳ್ತಿದ್ಲಲ್ಲ ಮೇಷ್ಟ್ರೇ. ಮುಂದಕ್ಕೆ ಎಳೀಬೇಡಿ. ಹಿಂದಕ್ಕೆ ಬನ್ನಿ."

ಹಿಂದಕ್ಕೆ ಬನ್ನಿ ಎಂದು ಹೇಳುವುದು ಸುಲಭ. ನಾಲಿಗೆಗೆ ಎಲುಬಿಲ್ಲ. ಹೇಗೆ ಬರಬೇಕು ಎಂದು ನನಗೂ ಗೊತ್ತಿರಲಿಲ್ಲ. ಮೇಷ್ಟ್ರು ತಮಗೆ ತೋಚಿದ ದಾರಿ ಹಿಡಿದರು. ಡಬ್ಬಿಯ ಜಿಪ್ಪುಗಳು ಅವು ಮೊದಲಿದ್ದ ಜಾಗಕ್ಕೆ ಹೋದವು, ಗವಸು ದಿಂಬಿಗೆ ಹೋಯಿತು. ಮನೆಯಲ್ಲಿ ಬೀನ್ಸ್ ಬೇಯಿಸುವುದು ನಿಂತಿತು. ಮಾರನೆಯ ಬೆಳಿಗ್ಗೆ ಬ್ಯಾಗನ್ನು ಪೂರ್ತಿ ತೆರೆದು ಬಾಗಿಲ ಬಳಿ ನೆಲದ ಮೇಲಿಟ್ಟು, ನಿಧಾನವಾಗಿ ಬೂಟು ಹಾಕಿಕೊಂಡರಂತೆ. ಮಗಳು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಗೋಡೆ ನೋಡುತ್ತ ಕೂತಿದ್ದಳಂತೆ. ಇವರು ಕೇಳಲಿಲ್ಲ, ಕರೆಯಲಿಲ್ಲ. ತೆರೆದ ಬ್ಯಾಗನ್ನು ಹಾಗೆಯೇ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದರು.

ದಿನಾ ಅದೇ. ನಾನು ಅಂಗಡಿಯಿಂದ ನೋಡುತ್ತಿದ್ದೆ. ಛತ್ರಿಯ ಹಿಡಿ ಹೊರಗೆ ಇಣುಕಿರುತ್ತಿತ್ತು, ಉತ್ತರ ಪತ್ರಿಕೆಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಒಮ್ಮೆ ಊಟದ ಡಬ್ಬಿ ಜಾರಿ ಬಿದ್ದು ಬೀದಿನಾಯಿಗೆ ಹಬ್ಬವಾಯಿತು. ಮೂಲೆಯ ಹಣ್ಣಿನವಳು ಬ್ಯಾಗು ತೆರೆದಿದೆ ಮೇಷ್ಟ್ರೇ ಎಂದು ಕೂಗುವಳು, ಇವರು ಗೊತ್ತಮ್ಮಾ ಎಂದು ಹೋಗುವರು. ಕೊನೆಗೆ ಅವಳು ನನ್ನ ಹತ್ತಿರ ಬಂದು, ಮೇಷ್ಟ್ರ ತಲೆ ನೆಟ್ಟಗಿದೆಯೋ ಇಲ್ಲವೋ, ಆ ಜಿಪ್ಪನ್ನಾದರೂ ರಿಪೇರಿ ಮಾಡಿಕೊಡಬಾರದೇ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಅದನ್ನು ರಿಪೇರಿ ಮಾಡುವುದು ನನ್ನ ಕೈಲಿಲ್ಲಮ್ಮ ಅಂದೆ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನನ್ನ ಆಸೆಯೂ ಕುಂದಿತ್ತು. ಹುಡುಗಿ ಹಾಗೇ ಮೂಕಿಯಾಗಿ ಉಳಿದರೆ ಏನು ಗತಿ ಎಂದು ಹೊಲಿಯುತ್ತ ಹೊಲಿಯುತ್ತ ಕೈ ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ತಂಗಿಯ ಔಷಧಿ ಅಂಗಡಿಯ ಬಿಳಿ ಕೋಟಿಗೆ ಗುಂಡಿ ಹಾಕಿ ಕೊಡಲು ಎದುರು ಮನೆಗೆ ಹೋಗಿದ್ದೆ. ಮೇಷ್ಟ್ರು ಬಾಗಿಲಲ್ಲಿ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದರು. ಬ್ಯಾಗು ಯಥಾಪ್ರಕಾರ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಮಗು ಗೋಡೆಯ ಕಡೆ ಮುಖ ಮಾಡಿ ಕೂತಿತ್ತು. ನಾನು ತಂಗಿಗೆ ಕೋಟು ಕೊಡುತ್ತಿದ್ದೆ, ಆಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಹುಡುಗಿ ತಿರುಗಿದ್ದಳು. ಬ್ಯಾಗನ್ನು ನೋಡುತ್ತಿದ್ದಳು. ಕೂತಲ್ಲಿಂದ ತೆವಳಿಕೊಂಡೇ ಹತ್ತಿರ ಬಂದು, ರನ್ನರ್ ಹಿಡಿದು ಎಳೆದಳು. ಅರ್ಧ ದಾರಿಯಲ್ಲಿ ಅದು ಒಂದು ಉತ್ತರ ಪತ್ರಿಕೆಯ ಅಂಚಿಗೆ ಸಿಕ್ಕಿಕೊಂಡಿತು.

"ಮುಂದಕ್ಕೆ ಎಳೀಬಾರ್ದು" ಎಂದು ಬ್ಯಾಗಿಗೆ ಹೇಳಿದಳು. ರನ್ನರನ್ನು ಹಿಂದಕ್ಕೆ ತಂದು, ಕಾಗದವನ್ನು ಬೆರಳಿನಿಂದ ಒಳಗೆ ತಳ್ಳಿ, ಮತ್ತೆ ಎಳೆದಳು. ಸರ್ರೆಂಬ ಸದ್ದು ಕೊನೆಯತನಕ ಹೋಯಿತು.

ಮೇಷ್ಟ್ರ ಬಾಯಿ ಶಭಾಷ್ ಅನ್ನಲು ತೆರೆಯಿತು. ಇಷ್ಟು ವರ್ಷದ ಅಭ್ಯಾಸ, ಎಲ್ಲಿ ಹೋದೀತು. ನಾನು ಕಣ್ಣು ಕೆಕ್ಕರಿಸುವ ಮೊದಲೇ ಅವರು ಅದನ್ನು ನುಂಗಿಕೊಂಡರು. ಬೀನ್ಸ್ ನುಂಗುವಾಗ ಮಗಳು ಪಟ್ಟ ಕಷ್ಟವೇ ಅವರ ಮುಖದಲ್ಲೂ ಕಂಡಿತು.

"ಮುಚ್ಚಿದೆ, ಈಗ ಹೋಗು" ಅಂದಳು ಮಗಳು. ಹೇಳುವಾಗ ಅಪ್ಪನ ಕಣ್ಣಿರಲಿ, ಮುಖದ ಕಡೆಗೂ ಅವಳು ನೋಡಲಿಲ್ಲ. ಅವಳ ಕಣ್ಣು ಜಿಪ್ಪಿನ ಮೇಲೇ ಇತ್ತು, ಬೆರಳು ಅದರ ಹಲ್ಲುಗಳ ಮೇಲೆ ಓಡುತ್ತಿತ್ತು. ಅವಳು ತಮ್ಮನ್ನು ನೋಡದೆ ಹೋದದ್ದಕ್ಕೆ ಅಷ್ಟು ಸಂತೋಷಪಟ್ಟ ತಂದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೇಷ್ಟ್ರು ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳಲಿಲ್ಲ, ಎದೆಗೆ ಅವುಚಿಕೊಂಡು ಹೊರಟರು. ಮೂಲೆಯಲ್ಲಿ ಹಣ್ಣಿನವಳು ಅಭ್ಯಾಸಬಲದಿಂದ ಕೂಗಲು ಬಾಯಿ ತೆರೆದವಳು ತಡೆದುಕೊಂಡು, ಅಂತೂ ಇವತ್ತು ಮುಚ್ಚಿಕೊಂಡಿರಲ್ಲ ಮೇಷ್ಟ್ರೇ ಅಂದದ್ದು ನನಗೆ ಬಾಗಿಲಿನ ತನಕ ಕೇಳಿಸಿತು.

"ನಾನಲ್ಲಮ್ಮಾ" ಅಂದರು ಮೇಷ್ಟ್ರು. "ನನ್ನ ಮಗಳು ಮುಚ್ಚಿದ್ಲು. ಸುಮ್ನೆ ಮುಚ್ಚಿದ್ಲು."