ಗುಡ್ಡ ನೋಡದವರು

ಬೆಳಿಗ್ಗೆ ಎದ್ದರೆ ಸಾಕು, ಮನೆಮಂದಿಯೆಲ್ಲ ಸೇರಿ ಮನೆಯನ್ನು ಹಳೆಯದು ಮಾಡಬೇಕಿತ್ತು. ಮಾವ ಫ್ರಿಜ್ಜಿನ ಮೇಲೆ ಚಾಪೆ ಇಳಿಬಿಡುತ್ತಿದ್ದರು. ಅತ್ತೆ ಮಿಕ್ಸಿಯನ್ನು ಮಂಚದ ಕೆಳಗೆ ತಳ್ಳುತ್ತಿದ್ದರು. ಸೊಸೆ ನಡುಮನೆಯ ಬೀಸುಕಲ್ಲಿನ ಮುಂದೆ ಗೋಣಿ ಹಾಸಿ, ಪಕ್ಕದಲ್ಲಿ ಒಂದು ಮೊರ ಗೋಧಿ ಇಟ್ಟುಕೊಂಡು ಕೂರುತ್ತಿದ್ದಳು. ಅಡುಗೆಗೆ ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಅವಳು ದಿನವಿಡೀ ಬೀಸಿದ್ದು ಕೋಳಿಗಳಿಗೆ ಹೋಗುತ್ತಿತ್ತು. ಆ ಮನೆಯಲ್ಲಿ ಸುಖವಾಗಿದ್ದವು ಎಂದರೆ ಕೋಳಿಗಳೇ.

ಊರು ಸಣ್ಣದು, ನೋಡಲು ಬರುವವರು ಮಾತ್ರ ಬಹಳ. ಅವರಿಗೆ ಊರು ತೋರಿಸುವುದು ಮಾವನ ಕೆಲಸ. ವ್ಯಾನಿನಿಂದ ಇಳಿದವರಿಗೆ ಮೊದಲು ಕೆರೆ, ಆಮೇಲೆ ಕಲ್ಲುಸೇತುವೆ, ಅಲ್ಲಿಂದ ಗುಡ್ಡ. ಇಳಿದು ಬಂದ ಮೇಲೆ ಕುಂಬಾರನ ತಿಗರಿ. "ಕೊನೇದಾಗಿ ನಮ್ಮ ಸೊಸೆ" ಎಂದು ಅವರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಆ ಮಾತಿಗೆ ಅವಳಿಗೆ ನಗು ಬರುತ್ತಿತ್ತು. ಈಗೀಗ ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ತಲೆ ಎತ್ತದೆ ಕಲ್ಲಿನ ಗೂಟಕ್ಕೆ ಕೈ ಹಾಕುತ್ತಿದ್ದಳು.

ಅಂದಿನ ವ್ಯಾನಿನಲ್ಲಿ ಅವಳ ತಂಗಿ ಬರುವವಳಿದ್ದಳು. ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಊರು ನೋಡಲು ಹೊರಟಾಗ, ಅಕ್ಕನನ್ನು ನೋಡಬಹುದೆಂದು ಅವಳೂ ಹೆಸರು ಕೊಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ವಾಪಸ್ ಹೊರಡಬೇಕು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿ ವರ್ಷಗಳೇ ಆಗಿದ್ದವು.

"ಮಾವ, ತಂಗಿ ಜೊತೆ ನಾನೂ ಗುಡ್ಡಕ್ಕೆ ಹೋಗಿ ಬರ್ಲಾ?" ಸೊಸೆ ಕೇಳಿದಳು. "ಹತ್ತಿ ಇಳಿಯೋವಷ್ಟು ಹೊತ್ತು ಮಾತಾಡ್ಬಹುದು. ಇಲ್ಲಿಗೆ ಬಂದ್ಮೇಲೆ ಎಲ್ಲರ ಮುಂದೆ ಏನು ಮಾತಾಡೋದು?"

ಮಾವ ಊರುಗೋಲಿನ ಧೂಳು ಒರೆಸುತ್ತಿದ್ದರು. "ಹತ್ತಕ್ಕಾಗದವರು ನೇರ ಇಲ್ಲಿಗೇ ಬರ್ತಾರಲ್ಲಮ್ಮ. ಅವರೇನು ಖಾಲಿ ಕಲ್ಲು ನೋಡ್ಬೇಕಾ? ಒಂದು ಕಾಲಕ್ಕೆ ಈ ಊರಿಗೆ ಬಸ್ಸೂ ಬರ್ತಿರ್ಲಿಲ್ಲ. ಈಗ ನಾಲ್ಕು ಮನೆ ಇದರಿಂದ ಉಣ್ತಾ ಇದೆ."

"ಒಂದೇ ಒಂದು ದಿನ ಮಾವ."

"ಊರವರು ಹತ್ತಿ ಏನು ನೋಡೋದಿದೆ? ಅದು ಬಂದವರಿಗೆ. ಗುಡ್ಡ ಎಲ್ಲಿಗೂ ಓಡಿಹೋಗಲ್ಲ."

"ನಾನೂ ಎಲ್ಲಿಗೂ ಹೋಗಲ್ಲ. ಅದಕ್ಕೇ ಕೇಳ್ದೆ."

ಮಾವ ಅದನ್ನು ಕಿವಿಗೆ ಹಾಕಿಕೊಳ್ಳದೆ ಹೊರಟರು. ಊರು ನೋಡುವವರನ್ನು ಕರೆತರುವ ವ್ಯಾನು ಓಡಿಸುತ್ತಿದ್ದ ಗಂಡ, ಹೊರಡುವ ಮುಂಚೆ ಹೊರಗೆ ಅದರ ಗಾಜು ಒರೆಸುತ್ತಿದ್ದ. ಅವನನ್ನೂ ಕೇಳಿದಳು.

"ಅಪ್ಪನ್ನ ಕೇಳು."

"ಕೇಳ್ದೆ. ಬೇಡ ಅಂದ್ರು."

"ಮತ್ತೆ ನನ್ನನ್ಯಾಕೆ ಕೇಳ್ತೀಯ?" ಎಂದು ಅವನು ಇನ್ನೊಂದು ಬದಿಯ ಗಾಜಿಗೆ ಹೋದ. ಆ ಗಾಜು ಆಗಲೇ ಫಳಫಳ ಹೊಳೆಯುತ್ತಿತ್ತು.

ಗುಡ್ಡ ಹತ್ತಲಾಗದ ಇಬ್ಬರು ಹಿರಿಯರು ಮೊದಲು ಬಂದು ಕುರ್ಚಿಯಲ್ಲಿ ಕೂತರು. ಸೊಸೆ ಬೀಸಿದಳು. ತಂಗಿ ಈಗ ಸೇತುವೆ ದಾಟಿರಬಹುದು, ಈಗ ಹತ್ತುತ್ತಿರಬಹುದು, ಅಕ್ಕ ಯಾಕೆ ಬರಲಿಲ್ಲವೆಂದು ಹಿಂದೆ ತಿರುಗಿ ನೋಡುತ್ತಿರಬಹುದು ಎಂದುಕೊಂಡಳು. ಕಲ್ಲು ಸುತ್ತುತ್ತಿತ್ತು, ಅವಳು ಕೂತಲ್ಲೇ ಕೂತಿದ್ದಳು. ಅಳು ಬಂತು. ಅಳುವ ಸೊಸೆಯ ಫೋಟೋ ಯಾರಾದರೂ ತೆಗೆದಾರೆಂದು ನುಂಗಿಕೊಂಡಳು.

ಉಳಿದವರು ಗಲಗಲ ಮಾತಾಡುತ್ತ ಬಂದಾಗ ಅವರ ನಡುವೆ ತಂಗಿಯ ಮುಖ ಕಾಣಿಸಿತು. ಸೊಸೆಯ ಕೈ ನಿಂತಿತು.

"ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ" ಎಂದರು ಯಾರೋ, ಫೋನು ಎತ್ತಿ ಹಿಡಿದು.

ತಂಗಿ ಜನರನ್ನು ಸರಿಸಿಕೊಂಡು ಬಂದು ಕಲ್ಲಿನ ಆಚೆ ಬದಿ ಕೂತಳು. ಒಂದೇ ಗೂಟವನ್ನು ಇಬ್ಬರೂ ಹಿಡಿದರು, ಕೈಯ ಮೇಲೆ ಕೈ ಬಂತು. ಕಲ್ಲಿನ ಸದ್ದಿನಲ್ಲಿ ಮಾತು ಬೇರೆಯವರಿಗೆ ಕೇಳುವಂತಿರಲಿಲ್ಲ.

"ಯಾಕೆ ಬರ್ಲಿಲ್ಲ ಅಕ್ಕ? ದಾರಿಯುದ್ದಕ್ಕೂ ಕಾದೆ."

"ಬಿಡ್ಲಿಲ್ಲ ಕಣೇ."

"ಅಂಗೈ ಎಲ್ಲ ಗಟ್ಟಿಯಾಗಿಬಿಟ್ಟಿದೆಯಲ್ಲೇ."

"ಅಮ್ಮನಿಗೆ ಹೇಳ್ಬೇಡ."

ಅಷ್ಟರಲ್ಲಿ ಗುಡ್ಡ ಇಳಿದು ಬಂದವರೊಬ್ಬರು ಬೆವರು ಒರೆಸಿಕೊಳ್ಳುತ್ತ ಹೇಳಿದರು: "ಮೇಲೆ ಎಂಥಾ ಗಾಳಿ ಅಮ್ಮ. ನಿಮಗೆ ಅದು ದಿನಾ ಸಿಗುತ್ತೆ. ಪುಣ್ಯವಂತರು ನೀವು."

"ನಾನು ಹೋಗಿಲ್ಲ" ಎಂದಳು ಸೊಸೆ.

ಬಂದವರು ಮುಖ ಮುಖ ನೋಡಿಕೊಂಡರು. ಮಾವ ನಕ್ಕರು. "ತಮಾಷೆಗೆ ಹೇಳ್ತಾಳೆ. ಲೇ, ನೀನಾದ್ರೂ ಹೇಳೇ ಇವರಿಗೆ."

ಅತ್ತೆ ನೀರಿನ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹೊರಗಿನವರ ಮುಂದೆ ಅವರು ಬಾಯಿ ಬಿಡುತ್ತಿದ್ದುದೇ ಅಪರೂಪ. "ಏನಂತ ಹೇಳ್ಲಿ? ನಾನೂ ನೋಡಿಲ್ಲ. ಒಂದ್ಸಲ ಕೇಳಿದ್ದೆ. ಮಗು ದೊಡ್ಡದಾಗ್ಲಿ ಅಂದ್ರಿ." ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಮಗು ಈಗ ವ್ಯಾನು ಓಡಿಸ್ತಾ ಇದೆ."

ಯಾರೋ ಕಿಸಕ್ಕೆಂದು ನಕ್ಕರು.

ಮಾವನಿಗೆ ಕೋಪ ಬಂತು. ಹಾಗೆ ಕೇಳಿದ್ದು ಯಾವಾಗ ಎಂದು ಜಬರಿಸಲು ಬಾಯಿ ತೆರೆದರು. ತೆರೆದ ಮೇಲೆ ನೆನಪಾಯಿತು. ಹೆಂಡತಿ ಕೇಳಿದ್ದು ನಿಜ. ಅದೇ ಗುಡ್ಡದ ಜಾರುಬಂಡೆಯ ಬಳಿ ಅವರು ಎಷ್ಟು ಜನ ಅಪರಿಚಿತರ ಕೈ ಹಿಡಿದು ಹತ್ತಿಸಿದ್ದರೋ ಲೆಕ್ಕವಿಲ್ಲ. ಮನೆಯವಳ ಕೈಯನ್ನು ಅಲ್ಲಿ ಒಮ್ಮೆಯೂ ಹಿಡಿದಿರಲಿಲ್ಲ. ಬೇಕೆಂದು ಮಾಡಿದ್ದಲ್ಲ, ಅವಳನ್ನು ಕರೆದೊಯ್ಯಬೇಕೆಂದು ಹೊಳೆದೇ ಇರಲಿಲ್ಲ, ಅಷ್ಟೆ. ಅದೇ ಅವರಿಗೆ ಹೆಚ್ಚು ನಾಚಿಕೆ ತಂದಿತು.

ಕೋಲನ್ನು ಗೋಡೆಗೆ ಒರಗಿಸಿ ಬೀಸುಕಲ್ಲಿನ ಹತ್ತಿರ ಬಂದರು.

"ಏಳಮ್ಮ."

"ಯಾಕೆ ಮಾವ?"

"ಏಳು ಅಂದೆ. ಹೋಗ್ಬನ್ನಿ. ಇವಳನ್ನೂ ಕರ್ಕೊಂಡ್ಹೋಗು." ಅವರು ಹೆಂಡತಿಯ ಕಡೆ ಕೈ ತೋರಿಸಿದರು, ಮುಖ ನೋಡಲಿಲ್ಲ. "ಜಾರುಬಂಡೆ ಹತ್ರ ಅವಳ ಕೈ ಹಿಡ್ಕೊ. ನೀವು ಬರೋ ತನಕ ವ್ಯಾನು ಹೊರಡಲ್ಲ."

ಮಂಡಿ ಲಟಲಟ ಎನ್ನಿಸುತ್ತ ಗೋಣಿಯ ಮೇಲೆ ಕೂತು ಗೂಟ ಹಿಡಿದರು. ಕಲ್ಲು ಅರ್ಧ ಸುತ್ತು ಬಂದು ನಿಂತಿತು. ಫೋನುಗಳೆಲ್ಲ ಅವರತ್ತ ತಿರುಗಿದವು. ಅವರು ತಲೆ ಬಗ್ಗಿಸಿಕೊಂಡು ಮತ್ತೆ ತಳ್ಳಿದರು.

ಮೂವರು ಹೆಂಗಸರು ನಿಧಾನವಾಗಿ ಗುಡ್ಡ ಹತ್ತಿದರು. ಅತ್ತೆ ಅಲ್ಲಲ್ಲಿ ಕೂತರು, ಆದರೆ ಸಾಕು ಎನ್ನಲಿಲ್ಲ. ಜಾರುಬಂಡೆಯಲ್ಲಿ ಸೊಸೆ ಮುಂದಿನಿಂದ ಎಳೆದಳು, ತಂಗಿ ಹಿಂದಿನಿಂದ ನೂಕಿದಳು, ನಗು ತಡೆಯಲಾರದೆ ಮೂವರೂ ಒಬ್ಬರ ಮೇಲೊಬ್ಬರು ಬೀಳುವಂತಾದರು. ಮೇಲೆ ಗಾಳಿ ಮುಖಕ್ಕೆ ಬಡಿಯಿತು. ಕೆಳಗೆ ಕೆರೆ, ಸೇತುವೆ, ಒತ್ತೊತ್ತಾಗಿ ಹೆಂಚಿನ ಮನೆಗಳು.

ಅತ್ತೆ ಸೆರಗಿನಿಂದ ಕಣ್ಣಿಗೆ ಬಿಸಿಲು ಮರೆಮಾಡಿಕೊಂಡು ಬಹಳ ಹೊತ್ತು ನೋಡಿದರು. ಹುಟ್ಟಿದ್ದು ಬೇರೆಲ್ಲೋ ಆದರೂ ಅವರ ಆಯುಸ್ಸೆಲ್ಲ ಕಳೆದದ್ದು ಆ ಮನೆಗಳಲ್ಲೊಂದರಲ್ಲಿ.

"ಇದರಲ್ಲಿ ನಮ್ಮನೆ ಯಾವುದೇ?" ಎಂದು ಕೇಳಿದರು.

ಸೊಸೆ ಅತ್ತ ಇತ್ತ ಹುಡುಕಿದಳು. ಅವಳಿಗೂ ತಿಳಿಯಲಿಲ್ಲ. ಬೆಳಿಗ್ಗೆಯಷ್ಟೇ ಊರಿಗೆ ಬಂದಿದ್ದ ತಂಗಿಯೇ ಬೆರಳು ಚಾಚಿ ತೋರಿಸಿದಳು.

ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ಅತ್ತೆ ಬಂಡೆಯ ಮೇಲೆ ಇನ್ನಷ್ಟು ಸರಿದು ಸೊಸೆಗೆ ಜಾಗ ಮಾಡಿಕೊಟ್ಟರು.